ಹುಚ್ಚೀರಯ್ಯ ಹಿಟ್ಟು ತೊಳಸಲು ಕಲಿತದ್ದು

೧
ಇದನ್ನು ಎಲ್ಲಿಂದ ಶುರು ಮಾಡಲಿ? ಮುಪ್ಪಿನ ಕಥೆಯಲ್ಲವೇ ಎಂದು ಮೊದಲ ಡ್ರಾಫ್ಟಿನಲ್ಲಿ ಹುಚ್ಚೀರಯ್ಯನ ತಲೆ ನೆರೆಸಿ, ಬೆನ್ನು ಬಗ್ಗಿಸಿ, ಜಗುಲಿಯ ಮೇಲೆ ಕೂರಿಸಿದ್ದೆ. ಅವನು ಎದ್ದು ಹೋದ. ಹೋದದ್ದೇ ಸರಿ. ನಾನು ಹೇಳಬೇಕಾದ್ದು ಅವನಿಗಿನ್ನೂ ನಲವತ್ತು ತುಂಬದ, ಎತ್ತಿನ ಸಮಕ್ಕೆ ದುಡಿಯುತ್ತಿದ್ದ ಕಾಲದ್ದು. ೧೯೪೩. ಊರು, ಮದ್ದೂರಿನ ಹತ್ತಿರದ ನಿಡಘಟ್ಟ.

೨
ಆ ವರ್ಷ ಅವನ ಅವ್ವ ತೀರಿಕೊಂಡಿದ್ದಳು. (ಸಾವಿನ ಸೀನು ಬರೆದು ಹರಿದು ಹಾಕಿದೆ. ಅಳು ಜಾಸ್ತಿಯಾಗಿತ್ತು.) ಹೆಂಡತಿ ಬೀರಮ್ಮ ಯಲಿಯೂರಿನ ತವರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಗದ್ದೆಯಿಂದ ಬಂದ. ಪಕ್ಕದ ಮನೆಯಿಂದ ಬರಬೇಕಿದ್ದ ಊಟ ಬಂದಿರಲಿಲ್ಲ. ಮಡಕೆ ತುಂಬ ರಾಗಿ ಹಿಟ್ಟಿತ್ತು, ಒಲೆಯ ಪಕ್ಕ ಸೌದೆಯಿತ್ತು. ಅಪ್ಪ ಮರಿಸಿದ್ದಯ್ಯ ಹಸಿ ಹಿಟ್ಟನ್ನು ನೀರಿನಲ್ಲಿ ಕಲಸಿಕೊಂಡು ನೆಕ್ಕುತ್ತಿದ್ದ. ಮಗನನ್ನು ಕಂಡವನೇ ಬಟ್ಟಲನ್ನು ಪಂಚೆಯಡಿ ಮುಚ್ಚಿಕೊಂಡ.

“ಅಸಿವಿಗಲ್ಲ ಕಣ್ಲಾ, ಸುಮ್ಕೆ ರುಚಿ ನೋಡ್ತಿದ್ದೆ.”

ಹುಚ್ಚೀರಯ್ಯನಿಗೆ ಅಪ್ಪನ ಮೀಸೆಗೆ ಮೆತ್ತಿದ್ದ ಹಿಟ್ಟು ಕಂಡಿತು. ಅದಕ್ಕಿಂತ ಹೆಚ್ಚು ಅಂಜಿಕೆಯಾದದ್ದು, ಒಲೆಯ ಮುಂದೆ ನಿಂತ ತನಗೂ ಏನು ಮಾಡಬೇಕೆಂದು ತೋಚದೆ ಹೋದಾಗ.

೩
ಬೀರಮ್ಮ ಬಂದ ಮೇಲೆ ಕೇಳಿದ. “ಅಮ್ಮೀ, ನಂಗೆ ಇಟ್ಟು ತೊಳ್ಸೋದು ಕಲ್ಸು.”

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗೆಳೆಯ ಮುದ್ದಯ್ಯ ಅರಳಿಕಟ್ಟೆಯಲ್ಲಿ ಎಲ್ಲರೆದುರು, “ಸೀರೇನೂ ಉಟ್ಕೊಂಡ್ಬುಡ್ಲಾ ಉಚ್ಚೀರ!” ಎಂದ. ಹುಚ್ಚೀರಯ್ಯ ಬಿಡಲಿಲ್ಲ. ಮುದ್ದೆ ಮಾಡಲು ಎಸರಿಗೆ ಹಿಟ್ಟು ಸುರಿದ, ಕೋಲು ಆಡಿಸಿದ, ಕೈ ಸುಟ್ಟುಕೊಂಡ. ದಿನ ಕಳೆದಂತೆ ಬೀರಮ್ಮನ ನಗು ನಿಂತಿತು.

“ನಾ ಸಾಯ್ತೀನಿ ಅಂತ ಕಾಯ್ತಾ ಕುಂತಿದ್ದೀಯಾ?”

ಅವನ ಕೈಯ ಕೋಲು ನಿಂತಿತು. ಅಪ್ಪನ ಬಟ್ಟಲಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ. “ನಾಳೆ ನಾನೂ ಅಂಗೆ ಕುಂತ್ಕಬಾರ್ದು ಕಣಮ್ಮೀ. ನೀ ತವರಿಗೋದ್ರೂ, ಕಾಯ್ಲೆ ಬಿದ್ರೂ ಕೂಡ.”

ಬೀರಮ್ಮ ಒಲೆಗೆ ಸೌದೆ ಒತ್ತಿದಳು. ಆಮೇಲೆ ಕೇಳಿದಳು: “ನೀನೇ ಮೊದ್ಲು ಸತ್ತೋದ್ರೆ? ಗಾಡಿ ಕಟ್ಟಾಕೂ ಬರ್ದವ್ಳು ನಾನು. ಸಂತೆಗೆ ಓಗಾಕೆ ಯಾರ ಬಾಗ್ಲು ತಟ್ಲಿ? ನಂಗೂ ಕಲ್ಸು.”

೪
(ಇಲ್ಲಿ ಗಂಡ ಒಪ್ಪಬಾರದೆಂದು ನನ್ನ ಪ್ಲಾನು. ಭರ್ಜರಿ ಜಗಳವೊಂದನ್ನು ರೆಡಿ ಮಾಡಿಟ್ಟಿದ್ದೆ. ಬೀರಮ್ಮ ನನ್ನ ಕಡೆ ತಿರುಗಿ, “ಅವ್ನೇ ಊಂ ಅಂದವ್ನೆ, ಮಧ್ಯೆ ನಿಂದೇನಪ್ಪಾ?” ಎಂದಳು. ಬಾಯಿ ಮುಚ್ಚಿಕೊಂಡೆ.)

ಮೊದಲು ಸರಿಬಂದ ಮುದ್ದೆಯನ್ನು ಹುಚ್ಚೀರಯ್ಯ ಅಪ್ಪನ ತಣಿಗೆಗೆ ಹಾಕಿದ. ಮುದುಕ ಮುರಿದು, ಉಪ್ಸಾರಿಗೆ ಅದ್ದಿ ನುಂಗಿದ.

“ಗಂಟೈತೆ ಕಣ್ಲಾ.”

ಹುಚ್ಚೀರಯ್ಯ ತಲೆ ತಗ್ಗಿಸಿದ.

“ಇನ್ನೊಂದ್ ಆಕು.”

ಮರುದಿನ ಹಿಟ್ಟು ತೊಳಸುವಾಗ ಮರಿಸಿದ್ದಯ್ಯ ಕರೆಯದೇ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ತತ್ತಾ ಇಲ್ಲಿ,” ಎಂದು ಕೋಲಿಗೆ ಕೈ ನೀಡಿದ. ಆ ವಯಸ್ಸಿನಲ್ಲಿ!

೫
ಎಂಡಿಂಗ್ ಎರಡು ಬರೆದಿದ್ದೇನೆ. ಒಂದರಲ್ಲಿ ಬೀರಮ್ಮ ಮೊದಲು ಹೋಗುತ್ತಾಳೆ, ಹುಚ್ಚೀರಯ್ಯ ತಾನೇ ಬೇಯಿಸಿಕೊಂಡು ಉಣ್ಣುತ್ತಾನೆ. ಇನ್ನೊಂದರಲ್ಲಿ ಅವನು ಮೊದಲು, ಅವಳು ಒಬ್ಬಳೇ ಗಾಡಿ ಹೊಡೆಯುತ್ತಾಳೆ. ಎರಡನ್ನೂ ಬೀರಮ್ಮನಿಗೆ ಓದಿ ಹೇಳಿದೆ.

“ಯಾರು ಮೊದ್ಲು ಅನ್ನೋದು ನಿಂಗ್ಯಾಕೆ? ದಾರಿ ಬುಡು. ಮುಂದ್ಗಡೆ ಬಸ್ಸು ಬತ್ತಾ ಐತೆ.”

ನಿಜ, ಅವಳ ಕೈಯಲ್ಲಿ ಎತ್ತಿನ ಹಗ್ಗವಿತ್ತು. ಮದ್ದೂರಿನ ಸಂತೆಗೆ ತೆಂಗಿನಕಾಯಿ ತುಂಬಿದ ಗಾಡಿ. ಪಕ್ಕದಲ್ಲಿ ಹುಚ್ಚೀರಯ್ಯ ಗಾಡಿಯ ಗೂಟ ಬಿಗಿಹಿಡಿದು ಕುಳಿತಿದ್ದ. ಪೆಟ್ರೋಲು ಸಿಗದ ಯುದ್ಧಕಾಲದ ಇದ್ದಿಲು ಬಸ್ಸು ಹೊಗೆ ಕಾರುತ್ತ ಹಾದುಹೋಯಿತು. ಬೆದರಿದ ಎತ್ತುಗಳು ರಸ್ತೆ ಬಿಟ್ಟು ಯಾರದೋ ಹುರುಳಿ ಹೊಲಕ್ಕೆ ನುಗ್ಗಿದವು. ಅವನು ಹಗ್ಗಕ್ಕೆ ಕೈ ಚಾಚಿದ. ಅವಳು ಮೊಣಕೈಯಿಂದ ತಳ್ಳಿದಳು.

“ಇರು, ನಾನೇ ರಸ್ತೆಗೆ ತಿರುಗುಸ್ಕೊತೀನಿ.”