ಮಂಜಿನ ಸೇತುವೆಯ ಕ್ಯಾಸೆಟ್ಟು

ನಾನು ಒಂದು ವೀಡಿಯೊ ಕ್ಯಾಸೆಟ್ಟು. ಈಗಿನ ಮಕ್ಕಳು ನನ್ನನ್ನು ಕಂಡರೆ ಡಬ್ಬಿ ಅಂದುಕೊಂಡು ಮುಚ್ಚಳ ಹುಡುಕುತ್ತಾರೆ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಕಪ್ಪು ಪಟ್ಟಿಯ ಹೊರತು ಬೇರೇನೂ ಇರಲಿಲ್ಲ. ಪುಣೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಕೊಂಡು, ಧಾರವಾಡದ ತನ್ನ ಗೆಳತಿಗಾಗಿ ನನ್ನೊಳಗೆ ಒಂದು ಕುಣಿತದ ಕಥೆ ತುಂಬಿಸಿದಳು. ಆಮೇಲೆ ನನ್ನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದಳು. ಆ ಹಲ್ಲು ಹೋದರೆ ನನ್ನ ಮೇಲೆ ಮತ್ತೇನನ್ನೂ ರೆಕಾರ್ಡ್ ಮಾಡಲು ಬರುವುದಿಲ್ಲ. ನೋವಾಯಿತು, ಹೆಮ್ಮೆಯೂ ಆಯಿತು.

ನನ್ನೊಳಗಿದ್ದದ್ದು ಫ್ರಾನ್ಸಿನ ಒಂದು ಕಿನ್ನರ ಕಥೆ. ಮೊದಲು ಅದು ಒಪೆರಾ, ಅಂದರೆ ಪಾತ್ರಧಾರಿಗಳೇ ಹಾಡುವ ಆಟ. ಇದರಲ್ಲಿ ಮಾತ್ರ ಹಾಡುವವರು ವಾದ್ಯದವರ ಜೊತೆ ರಂಗದ ಕೆಳಗೆ ಕೂತಿದ್ದರು, ಮೇಲಿನವರು ತುಟಿ ಬಿಚ್ಚದೆ ಕುಣಿಯುತ್ತಿದ್ದರು. ಬೆಸ್ತರ ಹುಡುಗಿಯೊಬ್ಬಳನ್ನು ಮಂಜಿನ ರಾಜ ಮದುವೆಯಾಗಿ ಕರೆದೊಯ್ಯುತ್ತಾನೆ. ಎಷ್ಟೋ ವರ್ಷದ ಮೇಲೆ, ತಾಯಿಯನ್ನು ನೋಡಿ ಬಾ ಎಂದು ಒಂದು ದಿನದ ಮಟ್ಟಿಗೆ ಬಿಡುತ್ತಾನೆ. ಅವಳು ಸೇತುವೆಯ ನಡುವೆ ಬಂದು ನಿಲ್ಲುತ್ತಾಳೆ. ಮುಂದೆ ತವರು, ಹಿಂದೆ ಮಂಜು. ಒಂದು ಕಾಲು ಎತ್ತಿದವಳು ಇಡಲು ಅನುಮಾನಿಸುತ್ತಾಳೆ.

ಧಾರವಾಡದ ಗೆಳತಿಯ ಹೆಸರು ಸರೋಜಿನಿ. ಮನೆಯ ಪಡಸಾಲೆಯಲ್ಲೇ ಹುಡುಗಿಯರಿಗೆ ಭರತನಾಟ್ಯ ಹೇಳಿಕೊಡುತ್ತಿದ್ದಳು. ನಾನು ಬಂದ ದಿನ ಒಬ್ಬಳೇ ಕೂತು ನನ್ನನ್ನು ಕೊನೆಯವರೆಗೂ ನೋಡಿದಳು. ಈ ಕಥೆಯನ್ನೇ ವಾರ್ಷಿಕೋತ್ಸವಕ್ಕೆ ಮಾಡಿಸುವುದೆಂದು ನಿಶ್ಚಯಿಸಿ, ದಿನಕ್ಕೆ ಒಂದಿಷ್ಟು ತೋರಿಸುತ್ತ ಹುಡುಗಿಯರಿಗೆ ಕಲಿಸತೊಡಗಿದಳು. ಅವಳ ಆರು ವರ್ಷದ ಮಗಳು ಸ್ಫೂರ್ತಿಗೆ ಮೀನಿನ ಪಾತ್ರ. ನಿಂತಲ್ಲಿ ನಿಲ್ಲದ ಮೀನು ಅದು.

ಹುಡುಗಿಯರಿಗಿಂತ ಮೊದಲೇ ಟೀವಿಯ ಮುಂದೆ ಹಾಜರಾಗುತ್ತಿದ್ದವರು ಸರೋಜಿನಿಯ ಅತ್ತೆ ಗುರುಸಿದ್ದವ್ವ. ಅವರ ತವರು ಅಣ್ಣಿಗೇರಿ. ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಆದರೂ ಒಂಬತ್ತು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಮಗನ ಮದುವೆಯಲ್ಲಿ ಸೋದರಮಾವನಾಗಿ ಮುಂದೆ ನಿಲ್ಲಬೇಕಾದ ಅವರ ಅಣ್ಣ ಅಕ್ಷತೆ ಬಿದ್ದ ಮೇಲೆ ಬಂದಿದ್ದರಂತೆ. ನೆರೆದ ಮಂದಿಯ ಎದುರೇ ತಂಗಿ ಬಾಯಿಗೆ ಬಂದದ್ದು ಅಂದುಬಿಟ್ಟರು. ಅಣ್ಣ ಉಣ್ಣದೆ ಹೊರಟುಹೋದರು. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ತಂಗಿಯ ಆಣೆ. ಅಣ್ಣ ಮಾತ್ರ ಪ್ರತಿ ನಾಗರಪಂಚಮಿಗೂ ಯಾರ ಕೈಯಲ್ಲಾದರೂ ತವರಿನ ಸಿಹಿಯೆಂದು ಒಂದು ಡಬ್ಬಿ ಉಂಡಿ ಕಳಿಸುತ್ತಿದ್ದರು. ಗುರುಸಿದ್ದವ್ವ ಅದನ್ನು ಹುಡುಗಿಯರಿಗೆ ಹಂಚಿಬಿಡುತ್ತಿದ್ದರು, ತಾವು ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹಟ ಅಂದರೆ ಅವರದೇ.

ಪಾಠ ಸೇತುವೆಯವರೆಗೆ ಬಂದ ವಾರವೇ ಅಣ್ಣಿಗೇರಿಯಿಂದ ಸುದ್ದಿ ಬಂತು. ಅಣ್ಣನಿಗೆ ಲಕ್ವಾ ಹೊಡೆದಿತ್ತು, ಮಾತು ನಿಂತಿತ್ತು.

"ಹೋಗಿ ಬರೂಣ ನಡಿಯವ್ವ," ಎಂದ ಮಗ ಶಿವಯೋಗಿ.

"ಅಂವ ಬಂದು ಕರೀಲಿ," ಎಂದರು ಗುರುಸಿದ್ದವ್ವ. ಹಾಸಿಗೆ ಹಿಡಿದವರು ಬಂದು ಕರೆಯುವುದು ಹೇಗೆ? ಅದು ಅವರಿಗೂ ಗೊತ್ತಿತ್ತು. ಟೀವಿಯಲ್ಲಿ ಸೇತುವೆಯ ಮೇಲೆ ನಿಂತಿದ್ದ ಹುಡುಗಿಯತ್ತ ಗದ್ದ ಚಾಚಿದರು. "ಆಕಿ ತವರಿಗೆ ಹೋದ್ರ ನಾನೂ ಹೋಗ್ತೀನಿ. ನಾಳಿ ನೋಡೂಣಂತ."

ಶಿವಯೋಗಿ ನಕ್ಕ. ಸರೋಜಿನಿ ನಗಲಿಲ್ಲ. ಅತ್ತೆ ಆಡಿದ ಮಾತಿಗೆ ಗಂಟು ಹಾಕಿಕೊಳ್ಳುವವರೆಂದು ಅವಳಿಗೆ ಗೊತ್ತು, ಕಥೆಯ ಕೊನೆಯೂ ಗೊತ್ತು. ಆ ಹುಡುಗಿ ತವರಿಗೆ ಹೋಗುವುದಿಲ್ಲ. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು ಮಂಜಿನೊಳಗೆ ಕರಗುತ್ತಾಳೆ.

ಅಂದು ಸಂಜೆ ಅತ್ತೆ ಮಠಕ್ಕೆ ಹೋಗಿದ್ದಾಗ ಸರೋಜಿನಿ ನನ್ನನ್ನು ಕೈಗೆತ್ತಿಕೊಂಡಳು. ಹಲ್ಲು ಮುರಿದ ಜಾಗಕ್ಕೆ ಅಂಟುಪಟ್ಟಿ ಹಚ್ಚಿದಳು. ಆ ತೂತು ಮುಚ್ಚಿದರೆ ನನ್ನ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುತ್ತದೆ. ಸೇತುವೆಯವರೆಗೆ ನನ್ನನ್ನು ಓಡಿಸಿ, ಕಣ್ಣು ಮುಚ್ಚಿ ರೆಕಾರ್ಡ್ ಗುಂಡಿ ಒತ್ತಿದಳು. ಟೀವಿಯಲ್ಲಿ ಆಗ ಬರುತ್ತಿದ್ದದ್ದು ಕೃಷಿ ಕಾರ್ಯಕ್ರಮ. ಕೊನೆಯ ಹನ್ನೆರಡು ನಿಮಿಷ ಅಳಿದುಹೋಯಿತು. ಪ್ಯಾರಿಸಿನಲ್ಲಿ ಹುಟ್ಟಿದ ಕಥೆಗೆ ಮೆಣಸಿನಕಾಯಿ ಗಿಡದ ಎಲೆಮುದುಡು ರೋಗ ಅಂಟಿಕೊಂಡಿತು. ಮರ್ಯಾದೆ ಹೋಯಿತೆಂದು ನಾನು ಬಹಳ ಸಂಕಟಪಟ್ಟೆ.

ಮರುದಿನ ಹುಡುಗಿ ಸೇತುವೆಯ ಮೇಲೆ ಕಾಲೆತ್ತಿದಳು, ಅಷ್ಟರಲ್ಲಿ ಪಂಚೆಯುಟ್ಟವರೊಬ್ಬರು ಔಷಧಿ ಸಿಂಪಡಿಸುವ ಬಗೆ ಹೇಳತೊಡಗಿದರು.

"ಇದೇನವಾ ಇದು?" ಎಂದರು ಗುರುಸಿದ್ದವ್ವ.

ಸರೋಜಿನಿ ಎದ್ದು ನನ್ನನ್ನು ಯಂತ್ರದಿಂದ ಹೊರಗೆ ತೆಗೆದಳು. ಶಿವಯೋಗಿ ಹೆಂಡತಿಯ ಮುಖ ನೋಡಿದ, ನನ್ನ ಅಂಚಿನ ಅಂಟುಪಟ್ಟಿಯನ್ನೂ ನೋಡಿದ. "ನಾನ ಅವ್ವ. ಗುಂಡಿ ಯಾವುದಂತ ಗೊತ್ತಾಗ್ಲಿಲ್ಲ," ಎಂದ.

"ಬಿತ್ತಾಕ ಒಂದು ಗೇಣು ಹೊಲ ಇಲ್ಲ, ಇವಂಗ ಮೆಣಸಿನಕಾಯಿ ಬೇಕಾಗಿತ್ತು," ಎಂದು ಮಗನನ್ನು ಬೈದು, ಸೊಸೆಯ ಕಡೆ ತಿರುಗಿದರು. "ನೀ ನೋಡೀಯಲ್ಲ. ಹೋದಳೇನು?"

"ಹೋದಳ್ರೀ ಅತ್ತಿ. ಬಾಗಲದಾಗ ತಾಯಿ ನಿಂತಿದ್ದಳು."

ಗುರುಸಿದ್ದವ್ವ ಸೊಸೆಯನ್ನೇ ತುಸು ಹೊತ್ತು ನೋಡಿದರು. ಮರುದಿನ ಮೊದಲ ಬಸ್ಸಿಗೆ ಅಣ್ಣಿಗೇರಿಗೆ ಹೊರಟರು.

ಎರಡು ವಾರದ ಮೇಲೆ ತಿರುಗಿ ಬಂದು ಪಡಸಾಲೆಯಲ್ಲಿ ಕೂತು ಹೇಳಿದ್ದನ್ನು ನಾನು ಗೂಡಿನಿಂದಲೇ ಕೇಳಿದೆ. ಅಣ್ಣ ಗುರುತು ಹಿಡಿದರಂತೆ. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತಂತೆ. ತಂಗಿ ಉಂಡಿ ಪುಡಿಮಾಡಿ ಹಾಲಿನಲ್ಲಿ ಕಲಸಿ ತಿನ್ನಿಸಿ, ಉಳಿದದ್ದನ್ನು ಅದೇ ಬಟ್ಟಲಿನಲ್ಲಿ ತಾವೂ ತಿಂದರಂತೆ. ಹನ್ನೊಂದು ದಿನ ಇದ್ದು ಅಣ್ಣ ಕಣ್ಣು ಮುಚ್ಚಿದರು.

ವಾರ್ಷಿಕೋತ್ಸವದಲ್ಲಿ ಸರೋಜಿನಿಯ ಹುಡುಗಿಯರು ಬೆಸ್ತರ ಹುಡುಗಿಯನ್ನು ಸೇತುವೆ ದಾಟಿಸಿಯೇ ಆಟ ಮುಗಿಸಿದರು.

ಕಾಲ ಓಡಿತು. ನನ್ನನ್ನು ಆಡಿಸುವ ಯಂತ್ರ ಕೆಟ್ಟು ಗುಜರಿಗೆ ಹೋಯಿತು, ನಾನು ಹಳೆಯ ಗೆಜ್ಜೆಗಳ ಪಕ್ಕ ಉಳಿದೆ. ಮೊನ್ನೆ ಸ್ಫೂರ್ತಿ ಲ್ಯಾಪ್‌ಟಾಪ್ ಹಿಡಿದು ಅಜ್ಜಿಯ ಬಳಿ ಬಂದಳು. "ಆಯಿ, ನಾ ಮೀನಾಗಿದ್ದೆನಲ್ಲ, ಆ ಫ್ರೆಂಚ್ ಕುಣಿತ ಇಂಟರ್ನೆಟ್ಟಿನಾಗ ಸಿಕ್ಕೇತಿ. ಪೂರಾ ಐತಿ ನೋಡು."

ಎಂಬತ್ತು ದಾಟಿದ ಗುರುಸಿದ್ದವ್ವ ಕನ್ನಡಕ ಹಾಕಿಕೊಂಡರು. ಶಿವಯೋಗಿ ಪೇಪರು ಮುಖಕ್ಕೆ ಹಿಡಿದ. ಸರೋಜಿನಿ ಹಾಲಿನ ನೆಪ ಮಾಡಿ ಎದ್ದು, ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಪರದೆಯ ಮೇಲೆ ಹುಡುಗಿ ಕಾಲೆತ್ತಿದಳು, ಹಿಂದಕ್ಕೆ ಇಟ್ಟಳು, ಮಂಜಿನಲ್ಲಿ ಕಾಣೆಯಾದಳು.

"ಅವ್ವ, ನಾವು ಮಾಡಿದಾಗ ತಾಯಿ ಸಿಕ್ಕಿದ್ದಳಲ್ಲ?" ಎಂದು ಸ್ಫೂರ್ತಿ ಸರೋಜಿನಿಯ ಕಡೆ ತಿರುಗಿದಳು.

ಗುರುಸಿದ್ದವ್ವ ಕನ್ನಡಕ ತೆಗೆದು ಸೆರಗಿನಿಂದ ನಿಧಾನಕ್ಕೆ ಒರೆಸಿದರು.

"ಈಕಿ ಬ್ಯಾರೆ ಹುಡುಗಿ," ಎಂದರು. "ನಮ್ಮಾಕಿ ಹೋಗಿದ್ಲು. ಸರೂ, ಆ ಮೆಣಸಿನಕಾಯಿ ಕ್ಯಾಸೆಟ್ ಒಗೀಬ್ಯಾಡ ಮತ್ತ, ಜ್ವಾಕಿ ಇಡು."

ಸರೋಜಿನಿ ಬಂದು ಅತ್ತೆಯ ಪಕ್ಕ ಕೂತಳು. ಒಲೆಯ ಮೇಲೆ ಹಾಲು ನಿಜವಾಗಿಯೂ ಉಕ್ಕಿತು, ಆರಿಸಲು ಶಿವಯೋಗಿಯೇ ಎದ್ದುಹೋದ. ಇಷ್ಟು ವರ್ಷ ನಾನು ಆ ಹನ್ನೆರಡು ನಿಮಿಷಕ್ಕೆ ನಾಚಿಕೊಂಡೇ ಬದುಕಿದ್ದೆ. ಇನ್ನು ನಾಚಿಕೊಳ್ಳುವುದಿಲ್ಲ.