ರಾಣಿಯ ಹಾಡು ಮುಗಿಯುವವರೆಗೆ

ಇಂಗ್ಲೆಂಡಿನ ಗಿರಣಿಯೂರು ನಮ್ಮ ಓಲ್ಡಮ್‌ನ ಕುಣಿತದ ಹಾಲ್‌ಗಳಲ್ಲಿ ಒಂದು ಕಟ್ಟಳೆಯಿತ್ತು. ಕೆಳಗೆ ಹೊಡೆದಾಟ ಶುರುವಾದರೆ ಮೇಲೆ ವೇದಿಕೆಯಲ್ಲಿ ಹಾಡು ನಿಲ್ಲಬಾರದು. ನಿಂತರೆ ಕುಣಿಯುವವರೂ ಹೊಡೆದಾಟಕ್ಕೆ ಇಳಿಯುತ್ತಾರೆ. ನಾನು ಡ್ರಮ್ಮಿನವನು. ಎದುರಿಗೇ ಮೂಗು ಮುರಿದರೂ ತಾಳ ತಪ್ಪದಂತೆ ಬಾರಿಸಿ ಪಳಗಿದವನು.

ಅರವತ್ಮೂರರ ಆ ಶನಿವಾರ ಹಾಡುತ್ತಿದ್ದವಳು ಬೆರಿಲ್ ಹೆಸ್ಕೆತ್, ಹತ್ತಿಗಿರಣಿಯಿಂದ ಬಂದ ಹುಡುಗಿ. ಅವಳಿಗೆ ಕ್ಯಾಂಡಿ ವೇಲ್ ಎಂದು ಹೊಸ ಹೆಸರಿಟ್ಟು, ಕೂದಲಿಗೆ ಬಣ್ಣ ಹಾಕಿಸಿದವನು ಮ್ಯಾನೇಜರ್ ಲೆನ್ ಪರ್ವಿಸ್. ಮೊದಲ ರೆಕಾರ್ಡು ಆಗಷ್ಟೇ ಬಂದಿತ್ತು. ಲಂಡನ್ನಿನ ಟೆಲಿವಿಷನ್ನಿನವನೊಬ್ಬ ಅವಳನ್ನು ನೋಡಲೆಂದೇ ಬಂದು ಹಿಂದೆ ಕೂತಿದ್ದ.

ಎರಡನೆಯ ಹಾಡಿಗೇ ಜಗಳ ಹತ್ತಿತು. ಪಕ್ಕದೂರು ರಾಚ್‌ಡೇಲ್‌ನ ಕೆಂಗೂದಲಿನ ಪಡ್ಡೆ ಹುಡುಗನೊಬ್ಬ, "ಏಯ್ ಗಿರಣಿ ಗೊಂಬೆ, ಲಂಗ ಎತ್ಕೊಂಡು ಹಾಡೇ" ಎಂದ. ಬೆರಿಲ್‌ಳ ಅಣ್ಣ ನಾರ್ಮನ್, ಸೈನ್ಯದಲ್ಲಿದ್ದು ಬಂದವನು, ಅವನ ಬಾಯಿಗೆ ಗುದ್ದಿದ. ಅವನ ಕಡೆಯವರು ಮುತ್ತಿಕೊಂಡರು. ನಾರ್ಮನ್ ಬಿದ್ದ. ಪಕ್ಕೆಗೆ, ಮುಖಕ್ಕೆ ಬೂಟುಗಳು ಬೀಳತೊಡಗಿದವು. ಒದೆತಗಳು ನನ್ನ ತಾಳಕ್ಕೇ ಬೀಳುತ್ತಿದ್ದವು.

"ನಿಲ್ಲಿಸ್ಬೇಡ ಕಣೇ, ಲಂಡನ್ನೋನು ನೋಡ್ತಿದಾನೆ" ಎಂದು ಪರದೆಯ ಮರೆಯಿಂದ ಲೆನ್ ಗದರಿದ.

"ನಮ್ಮಣ್ಣನ್ನ ಸಾಯಿಸ್ತಾವ್ರೆ ಕಣೋ."

"ಕಾವಲಿನವ್ರು ನೋಡ್ಕೋತಾರೆ. ನೀನು ಹಾಡು."

ಕಾವಲಿನವರು ಬಾಗಿಲಲ್ಲಿದ್ದರು. ನಡುವೆ ಜನವೋ ಜನ. ಬೆರಿಲ್ ನನ್ನತ್ತ ತಿರುಗಿ, "ರಾಣಿ ಹಾಡು ಬಾರ್ಸು" ಎಂದಳು.

ರಾಣಿ ಹಾಡೆಂದರೆ ನಮ್ಮ ರಾಷ್ಟ್ರಗೀತೆ. ಅದನ್ನು ಬಾರಿಸಿದರೆ ಆ ದಿನದ ಕುಣಿತ ಮುಗಿದ ಹಾಗೆ. ಆಮೇಲೆ ಯಾರೂ ಹಾಡುವಂತಿಲ್ಲ. ಬಾಗಿಲಿಗೆ ಬಂದ ಟೆಲಿವಿಷನ್ನಿನ ಅವಕಾಶವನ್ನು ಅವಳೇ ಒದ್ದಳು. ನಾನು ಬಾರಿಸಿದೆ.

ಇಡೀ ಸಭಾಂಗಣ ನೆಟ್ಟಗೆ ನಿಂತಿತು. ಕೆಂಗೂದಲಿನವನೂ ರಕ್ತ ಹತ್ತಿದ ಬೂಟು ಜೋಡಿಸಿ, ಕೈ ಇಳಿಬಿಟ್ಟು ನಿಂತ. ಶಾಲೆ, ಸಿನಿಮಾಗಳಲ್ಲಿ ನಮ್ಮ ಮೈಗೆ ಹತ್ತಿದ ಅಭ್ಯಾಸ ಅದು. ಆದರೆ ಜನ ನಿಂತರೆ ಕಾವಲಿನವರು ನುಗ್ಗಿ ಬಂದಾರು ಎಂಬ ಬೆರಿಲ್‌ಳ ಲೆಕ್ಕ ತಪ್ಪಿತ್ತು. ಕಾವಲಿನವರೂ ನಿಂತುಬಿಟ್ಟಿದ್ದರು. ಹಾಡುತ್ತಲೇ ಕೈಬೀಸಿ ಕರೆದಳು. ಒಂದು ಮುಂಡೇದೂ ಮಿಸುಕಲಿಲ್ಲ. ಅಷ್ಟರಲ್ಲಿ ನಾರ್ಮನ್ ವೇದಿಕೆಯ ಅಂಚು ಹಿಡಿದು ಎದ್ದ. ಒಡೆದ ಮುಖ ಮೇಲೆತ್ತಿ, ಹಿಮ್ಮಡಿ ಕೂಡಿಸಿ ನಿಂತ. ಬಿದ್ದೇ ಇರು ಎಂದು ಅವಳು ಕಣ್ಣಲ್ಲೇ ಬೇಡುತ್ತಿದ್ದಳು.

ಅವಳಿಗೆ ಬರುತ್ತಿದ್ದುದು ಮೊದಲ ನುಡಿ ಮಾತ್ರ. ಮುಗಿದೊಡನೆ ಮತ್ತೆ ಅದನ್ನೇ ಎತ್ತಿಕೊಂಡಳು, ಮತ್ತೆ ಮತ್ತೆ. ದನಿ ಒಡೆದರೂ ಬಿಡಲಿಲ್ಲ. ಲಂಡನ್ನಿನವನು ಟೋಪಿ ಹಾಕಿಕೊಂಡು ಹೊರಟದ್ದು ಕಂಡು ಲೆನ್‌ಗೆ ತಲೆ ಕೆಟ್ಟಿತು. ಮೈಕಿನ ವಯರು ಕಿತ್ತುಹಾಕಿದ.

ಹಾಡು ನಿಂತದ್ದೇ ತಡ, ಕೆಂಗೂದಲಿನವನು ತಿರುಗಿ ಹೊಡೆದ. ನಾರ್ಮನ್ ಇನ್ನೂ ಕೈ ಇಳಿಬಿಟ್ಟೇ ನಿಂತಿದ್ದ, ತಡೆಯಲಿಲ್ಲ. ತಲೆ ವೇದಿಕೆಯ ಅಂಚಿಗೆ ಬಡಿಯಿತು. ಆಂಬುಲೆನ್ಸ್ ಬರುವ ಮೊದಲೇ ಪ್ರಾಣ ಹೋಯಿತು.

"ಎಲ್ಲಾ ಹಾಳು ಮಾಡ್ಕೊಂಡ್ಯಲ್ಲೇ" ಎಂದ ಲೆನ್, ಹೆಣದ ಪಕ್ಕದಲ್ಲೇ ನಿಂತು.

ಬೆರಿಲ್ ಮೈಕಿನ ಕಂಬ ಎತ್ತಿ ಅವನ ಮುಖಕ್ಕೆ ಬೀಸಿದಳು. ಹಲ್ಲು ಉದುರಿದವು, ದವಡೆ ಮುರಿಯಿತು. ನಾನು ತಡೆಯಲು ಹೋಗಲಿಲ್ಲ. ಇನ್ನೆರಡು ಬೀಳಲಿ ಎಂದೇ ನನಗಿತ್ತು.

ಲೆನ್‌ಗೆ ಹೊಡೆದ ಕೇಸಿನಲ್ಲಿ ಕೋರ್ಟಿನ ನ್ಯಾಯಾಧೀಶರು, ಪಶ್ಚಾತ್ತಾಪ ಇದೆಯೇ ಎಂದು ಅವಳನ್ನು ಕೇಳಿದರು.

"ಇದೆ ಸ್ವಾಮಿ" ಎಂದಳು ಬೆರಿಲ್. "ಕೆಳಗಿಳಿದು ಹೊಡೀಬೇಕಾಗಿತ್ತು. ಹಾಡ್ತಾ ನಿಂತಿದ್ದೆ."