ಅತ್ತೆ ನಕ್ಕ ದಿನ

ಫೋನು ಬಂದಾಗ ನಿಸರ್ಗ ಬಚ್ಚಲಲ್ಲಿದ್ದಳು. ಆದದ್ದೆಲ್ಲ ಅದರಿಂದಲೇ ಆಯಿತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವಳ ಸೋದರತ್ತೆ ಪುಟ್ಟತಾಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನೆತ್ತಿ, "ಯಾರಪ್ಪಾ?" ಅಂದಳು.

ಆ ಕಡೆಯವರು ಬಲು ವಿನಯದಿಂದ ಮಾತಾಡಿದರು. ಚನ್ನರಾಯಪಟ್ಟಣದ ಹತ್ತಿರ ಹೆದ್ದಾರಿ ಪಕ್ಕ ಹೊಸ ರೆಸಾರ್ಟ್ ಆಗಿದೆ, ಅದರಲ್ಲೊಂದು ಸಣ್ಣ ಗಾಲ್ಫ್ ಮೈದಾನವೂ ಇದೆ, ಉದ್ಘಾಟನೆಗೆ ಜೋಡಿ ಪಂದ್ಯ ಇಟ್ಟಿದ್ದೇವೆ. ಒಂದೇ ಮನೆಯ ಇಬ್ಬರು ಆಡಬೇಕು, ಒಬ್ಬರು ಆಟ ಬಲ್ಲವರು, ಇನ್ನೊಬ್ಬರು ಹಿಂದೆಂದೂ ಕೋಲು ಮುಟ್ಟದವರು. ರಾಜ್ಯದ ಚಾಂಪಿಯನ್ ಆಗಿದ್ದ ನಿಸರ್ಗ ಮೇಡಂ ನಮ್ಮ ಜಿಲ್ಲೆಯವರೇ, ಅವರು ಬಂದರೆ ನಮ್ಮ ಪುಣ್ಯ.

"ಬತ್ತಾಳೆ, ಬರ್ಕಳಿ," ಅಂದಳು ಅತ್ತೆ. "ಜೋಡಿಗೆ ನನ್ನೆಸ್ರು ಬರ್ಕಳಿ. ಪುಟ್ಟತಾಯಮ್ಮ, ಶಾಂತಿಗ್ರಾಮ. ದನ ಅಟ್ಟಾದ್ ಬುಟ್ರೆ ನಾನು ಉಟ್ದಾಗಿಂದ ಕೋಲ್ ಮುಟ್ಟಿಲ್ಲ."

ತಲೆಗೆ ಟವೆಲ್ ಸುತ್ತಿಕೊಂಡು ಓಡಿ ಬಂದ ನಿಸರ್ಗ ಕೇಳಿಸಿಕೊಂಡದ್ದು ಆ ಕೊನೆಯ ಮಾತನ್ನು ಮಾತ್ರ. ಮಿಕ್ಕದ್ದು ತಿಳಿಯುವ ಹೊತ್ತಿಗೆ ಫೋನು ಕಟ್ಟಾಗಿತ್ತು.

"ಅತ್ತೆ! ಯಾರನ್ನ ಕೇಳಿ ಒಪ್ಕೊಂಡೆ?"

"ನಿನ್ನ ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದ್ಕೇ ಕೇಳ್ನಿಲ್ಲ ಕಣೆ," ಎಂದು ಅತ್ತೆ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ನಿಸರ್ಗಳ ಅಪ್ಪ ಮೋಹನ್‌ಕುಮಾರ್ ವಿದ್ಯುತ್ ಇಲಾಖೆಯ ಇಂಜಿನಿಯರ್. ಮೈಸೂರಿನಲ್ಲಿದ್ದಾಗ ಅವರ ಕ್ವಾರ್ಟರ್ಸ್ ಹಿಂದೆಯೇ ಗಾಲ್ಫ್ ಮೈದಾನ. ಹಿತ್ತಲಿಗೆ ಬಂದು ಬೀಳುತ್ತಿದ್ದ ಬಿಳಿ ಚೆಂಡುಗಳನ್ನು ಮಗಳು ಬೇಲಿಯಾಚೆಗೆ ವಾಪಸ್ ಎಸೆಯುತ್ತಿದ್ದಳು. ಅಷ್ಟು ದೂರದಿಂದ ಎಸೆದ ಚೆಂಡು ಪ್ರತಿಸಲವೂ ತಮ್ಮ ಕಾಲ ಬುಡಕ್ಕೇ ಬಂದು ಬೀಳುವುದನ್ನು ಕಂಡ ಗಂಗಾಧರಯ್ಯ ಎಂಬ ತರಬೇತುದಾರರು ಒಂದು ದಿನ ಮನೆಗೇ ಬಂದು, "ಈ ಕೈ ನಮಗೆ ಕೊಡಿ ಸಾರ್," ಅಂದರು. ಅಲ್ಲಿಂದ ಶುರುವಾದದ್ದು ರಾಜ್ಯದ ಮಹಿಳಾ ಪ್ರಶಸ್ತಿಯವರೆಗೆ ಹೋಯಿತು. ಆ ಪ್ರಶಸ್ತಿಯ ಮೇಲೆ ಹಾಸನದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು, ಬಸ್ ನಿಲ್ದಾಣದ ಎದುರು ಅವಳ ಫೋಟೊ ಇದ್ದ ಫ್ಲೆಕ್ಸ್ ಎದ್ದಿತು.

ಆಮೇಲೆ ಚಂಡೀಗಢ ಬಂತು. ರಾಷ್ಟ್ರೀಯ ಪಂದ್ಯದ ಕೊನೆಯ ದಿನ, ಕೊನೆಯ ಕುಳಿ. ಚೆಂಡು ಕುಳಿಯಿಂದ ಎರಡು ಮೊಳ ದೂರದಲ್ಲಿತ್ತು, ಮೆಲ್ಲಗೆ ತಟ್ಟಿದರೆ ಗೆದ್ದಂತೆ. ನಿಸರ್ಗ ಬಗ್ಗಿದಳು, ತಟ್ಟಿದಳು, ತಟ್ಟುವ ಗಳಿಗೆಯಲ್ಲಿ ಬಲಗೈ ಮಣಿಕಟ್ಟು ಯಾರೋ ಚಿವುಟಿದ ಹಾಗೆ ಚಿಮ್ಮಿತು. ಚೆಂಡು ಕುಳಿ ದಾಟಿ ಆಚೆ ಹೋಯಿತು. ಆಚೆ ಕಡೆಯಿಂದ ತಟ್ಟಿದಳು, ಈಚೆ ಬಂತು. ಮತ್ತೆ ಆಚೆ. ಕೊನೆಗೆ ಚೆಂಡು ಒಳಗೆ ಬೀಳುವಷ್ಟರಲ್ಲಿ ಪ್ರಶಸ್ತಿ ಬೇರೆಯವರದಾಗಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು, ಸಂಜೆಯೊಳಗೆ ಊರೂರಿನ ಫೋನುಗಳಲ್ಲಿ ಓಡಾಡಿತು.

ಅಂದಿನಿಂದ ಆ ಕೈ ಅವಳ ಮಾತು ಕೇಳಲಿಲ್ಲ. ದೂರದ ಹೊಡೆತಕ್ಕೆ ಏನೂ ಆಗುತ್ತಿರಲಿಲ್ಲ, ಕುಳಿಯ ಹತ್ತಿರ ಬಂದರೆ ಸಾಕು, ಚಿಮ್ಮುತ್ತಿತ್ತು. ಕೋಲು ಬದಲಾಯಿಸಿದಳು, ಹಿಡಿತ ಬದಲಾಯಿಸಿದಳು, ಬೆಂಗಳೂರಿನ ಡಾಕ್ಟರು ಹೇಳಿದಂತೆ ಉಸಿರು ಎಳೆದಳು, ಬಿಟ್ಟಳು. ಅಪ್ಪ ಹರಕೆ ಹೊತ್ತರು. ಕೈಗಿಂತ ಕಷ್ಟವಾದದ್ದು ಜನರ ಕನಿಕರ. ಬ್ಯಾಂಕಿಗೆ ಬಂದವರು ಪಾಸ್‌ಬುಕ್ ಚಾಚುತ್ತ ಒಂದು ತರಹ ತಲೆ ವಾಲಿಸಿ ಅವಳನ್ನು ನೋಡುತ್ತಿದ್ದರು. ಮನೆಯಲ್ಲಿ ಟಿವಿಯಲ್ಲಿ ಗಾಲ್ಫ್ ಬಂದರೆ ಅಪ್ಪ ತಟ್ಟನೆ ಚಾನೆಲ್ ಬದಲಾಯಿಸುತ್ತಿದ್ದರು. ಇದನ್ನೆಲ್ಲ ತಾಳಲಾರದೆ ಅವಳು ಶಾಂತಿಗ್ರಾಮಕ್ಕೆ, ಅತ್ತೆಯ ಮನೆಗೆ ಬಂದು, ಅಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರತೊಡಗಿದಳು. ಪುಟ್ಟತಾಯಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ವಿಧವೆ. ಗಾಲ್ಫ್ ಎಂದರೆ ಹಾಕಿಯ ತಮ್ಮನೋ ಏನೋ ಎಂದು ತಿಳಿದಿದ್ದಳು. ನಿಸರ್ಗಳಿಗೆ ಬೇಕಾಗಿದ್ದದ್ದೂ ಅದೇ.

ಈಗ ನೋಡಿದರೆ ಈ ಗ್ರಹಚಾರ.

"ಒಂದೇ ಚೆಂಡು ಅತ್ತೆ. ಒಂದ್ಸಲ ನಾನು, ಒಂದ್ಸಲ ನೀನು ಹೊಡೀಬೇಕು," ಎಂದು ಸಂಜೆ ಅವಳು ಹೇಳಿಕೊಟ್ಟಳು, ಹೇಗಾದರೂ ಅತ್ತೆಗೆ ಬೇಸರ ಬರಲಿ ಎಂದು.

"ಸರಿ ಓಯ್ತು. ದೂರದ್ದು ನೀನ್ ಒಡಿ, ಅತ್ರದ್ದು ನಾನ್ ತಳ್ತೀನಿ."

ಅಂಗಳದಲ್ಲಿ ಚೊಂಬನ್ನು ಮಲಗಿಸಿ ಇಟ್ಟು ಅತ್ತೆಯ ಅಭ್ಯಾಸ ಶುರುವಾಯಿತು. ಮೊದಲನೆಯ ಚೆಂಡು ಕೋಳಿಯ ಪಂಜರಕ್ಕೆ ಬಡಿದು ಕೋಳಿಗಳೆಲ್ಲ ಎದ್ದು ಕೂಗಿದವು. ಎರಡನೆಯದು ಕರುವಿನ ಕಾಲ ಸಂದಿಯಲ್ಲಿ ತೂರಿ ತಿಪ್ಪೆಗೆ ಹೋಯಿತು. ಅತ್ತೆ ಪ್ರತಿ ಹೊಡೆತಕ್ಕೂ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಡೆದ ಮೇಲೆ ಚೆಂಡಿನ ಹಿಂದೆಯೇ ಓಡುತ್ತ, "ಲೇ ನಿಂತ್ಕಳೆ! ಅಲ್ಲಲ್ಲ, ಈ ಕಡೀಕೆ!" ಎಂದು ಅದನ್ನು ಕೂಗಿ ಕರೆಯುತ್ತಿದ್ದಳು. ಪಕ್ಕದ ಮನೆಯ ರೇವಮ್ಮ ಕಾಂಪೌಂಡಿನ ಮೇಲೆ ಗಲ್ಲವೂರಿ, "ಪುಟ್ತಾಯಕ್ಕಾ, ಏನ್ ಇಲಿ ಒಡೀತಿದ್ದೀಯಾ?" ಎಂದು ಕೇಳಿದಳು. ವಾರ ಕಳೆಯುವಷ್ಟರಲ್ಲಿ ಚೆಂಡು ಆಗೀಗ ಚೊಂಬಿನೊಳಗೂ ಹೋಗತೊಡಗಿತು. ಹೋದಾಗೆಲ್ಲ ಟಣ್ ಎನ್ನುವ ಸದ್ದಿಗೆ ಅತ್ತೆ ಬೀದಿಗೆ ಕೇಳುವಂತೆ ಕೂಗು ಹಾಕುತ್ತಿದ್ದಳು.

ನಿಸರ್ಗ ಆ ಚೊಂಬಿನ ಹತ್ತಿರ ಹೋಗಲಿಲ್ಲ. ದೂರದಿಂದಲೇ ನೋಡುತ್ತಿದ್ದಳು. ಆದರೆ ಬ್ಯಾಂಕಿನಲ್ಲಿ ಕೂತಾಗ ಕರುವಿನ ಕಾಲ ಸಂದಿ ನೆನಪಾಗಿ ಒಂದೆರಡು ಸಲ ತನಗೆ ತಾನೇ ನಕ್ಕದ್ದುಂಟು, ಅತ್ತೆಯ ಹುರುಪು ಕಂಡು ಪಂದ್ಯ ಬೇಡವೆನ್ನಲು ಮನಸ್ಸೂ ಬರಲಿಲ್ಲ.

ಭಾನುವಾರ ಅತ್ತೆ ರೇಷ್ಮೆ ಸೀರೆ ಉಟ್ಟು, ತಮ್ಮನ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೊರಟಳು. ಶೂ ದೊಡ್ಡದಾಗಿತ್ತು, ಮುಂದಕ್ಕೆ ಹತ್ತಿ ತುರುಕಿದ್ದಳು. ಹಾಸನದಿಂದ ಕಾರಿನಲ್ಲಿ ಬಂದ ಮೋಹನ್‌ಕುಮಾರ್ ಅಕ್ಕನನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆ, "ಅಕ್ಕಾ, ಇದೆಲ್ಲ ಬೇಕಿತ್ತಾ?" ಅಂದರು.

"ನೀನ್ ಸುಮ್ಕೆ ಗಾಡಿ ಓಡ್ಸೋ ಮೋನ."

ಅವರ ಜೊತೆ ಆಡಲು ಸಿಕ್ಕ ಇನ್ನೊಂದು ಜೋಡಿ ಹೊಳೆನರಸೀಪುರದ ಗಂಡ ಹೆಂಡತಿ. ಜಯಂತ್ ಹಲ್ಲಿನ ಡಾಕ್ಟರು, ಮೈಸೂರಿಗೆ ಹೋಗಿ ಗಾಲ್ಫ್ ಆಡುವ ಹವ್ಯಾಸ. ಗೌತಮಿ ಕಾಲೇಜಿನಲ್ಲಿ ಪಾಠ ಹೇಳುವವರು, ಕೋಲು ಹಿಡಿದದ್ದು ಅದೇ ದಿನ. ಮೊದಲ ಹೊಡೆತಕ್ಕೇ ಇಬ್ಬರಿಗೂ ಜಗಳ ಹತ್ತಿಕೊಂಡಿತು.

"ತಲೆ ಎತ್ತಬೇಡ ಅಂತ ಹೇಳ್ದೆ ಗೌತಮಿ."

"ಎತ್ತದೆ ಇದ್ರೆ ಎಲ್ಲಿ ಹೋಯ್ತು ಅಂತ ಹೇಗ್ರೀ ಗೊತ್ತಾಗುತ್ತೆ?"

ನಿಸರ್ಗ ಹೊಡೆದ ಮೊದಲ ಚೆಂಡು ಆಕಾಶಕ್ಕೆ ಹೋಗಿ ಹುಲ್ಲುದಾರಿಯ ನಟ್ಟನಡುವೆ ಇಳಿಯಿತು. ಸೇರಿದ್ದವರು ಚಪ್ಪಾಳೆ ತಟ್ಟಿದರು. ಅಲ್ಲಿಂದ ಅತ್ತೆ ಹೊಡೆದದ್ದು ಸ್ವಲ್ಪ ದೂರ ಹೋಗಿ ಸುಸ್ತಾಗಿ ನಿಂತಿತು. ಮುಂದಿನದನ್ನು ನಿಸರ್ಗ ಕುಳಿಯ ಸುತ್ತಲ ನುಣುಪು ಹುಲ್ಲಿಗೆ ಮುಟ್ಟಿಸಿದಳು. ಅತ್ತೆ ತಳ್ಳಿದ್ದು ಕುಳಿಯ ಬಳಿ ಬಂದು, ಎರಡು ಮೊಳ ಇರುವಾಗ ನಿಂತಿತು.

ಈಗ ಸರದಿ ನಿಸರ್ಗಳದು. ಬಗ್ಗಿದಳು. ಮಣಿಕಟ್ಟು ಚಿಮ್ಮಿತು. ಚೆಂಡು ಆಚೆ ಹೋಯಿತು. ಅತ್ತೆ ತಳ್ಳಿದಳು, ತಪ್ಪಿತು. ನಿಸರ್ಗ ತಳ್ಳಿದಳು, ತಪ್ಪಿತು. ನೋಡುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ಮುಖ ತಿರುಗಿಸಿದರು. ಅಂತೂ ಅತ್ತೆಯ ಕೈಯಿಂದಲೇ ಚೆಂಡು ಒಳಗೆ ಬಿತ್ತು. ಮುಂದಿನ ಕುಳಿಯಲ್ಲೂ ಅದೇ ಆಯಿತು. ನಿಸರ್ಗಳಿಗೆ ಅಲ್ಲಿಂದಲೇ ಹೆದ್ದಾರಿಗೆ ಓಡಿ ಸಿಕ್ಕಿದ ಬಸ್ ಹತ್ತಿಬಿಡೋಣ ಅನ್ನಿಸಿತು.

ಮೂರನೆಯ ಕುಳಿಯ ಬಳಿ ಕಾಯಬೇಕಾಯಿತು. ಮುಂದಿನವರ ಚೆಂಡು ಬೇಲಿಯಲ್ಲಿ ಕಳೆದುಹೋಗಿ ಹುಡುಕಾಟ ನಡೆದಿತ್ತು. ಬೆಂಚಿನ ಮೇಲೆ ಕೂತಿದ್ದ ಜಯಂತ್ ಒಳ್ಳೆಯ ಮನಸ್ಸಿನಿಂದಲೇ ಬಾಯಿಬಿಟ್ಟರು. "ನಿಸರ್ಗ ಅವರೇ, ಚಂಡೀಗಢದ ವಿಡಿಯೋ ನಾನೂ ನೋಡಿದ್ದೆ. ತುಂಬ ಬೇಜಾರಾಯ್ತು."

ಗೌತಮಿ ಗಂಡನ ಕಾಲು ತುಳಿದರು. ಆಗಲೇ ತಡವಾಗಿತ್ತು.

"ಅದ್ಯಾವ ಇಡಿಯೋ?" ಅಂದಳು ಅತ್ತೆ.

"ಬೇಡ ಅತ್ತೆ."

"ಊರೋರೆಲ್ಲ ನೋಡವ್ರಂತೆ, ಮನೇಲಿರೋ ನಾನ್ ನೋಡಬಾರ್ದಾ? ತೋರ್ಸಿ ಸಾ."

ಜಯಂತ್ ಬೇರೆ ದಾರಿ ಕಾಣದೆ ಫೋನು ತೆಗೆದರು. ಅತ್ತೆ ಅದನ್ನು ಕೈಯಳತೆ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ನಿಸರ್ಗ ನೆಲ ನೋಡುತ್ತ ನಿಂತಳು. ಆಮೇಲೆ ಅತ್ತೆಯ ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡು ನಿಸರ್ಗ ತಲೆ ಎತ್ತಿದರೆ, ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಸೆರಗಿಗೆ ನಗು ನಿಲ್ಲಲಿಲ್ಲ.

"ಅಯ್ಯೋ ನಮ್ಮವ್ವಾ! ಇದೇನೆ ಇದು, ತಪ್ಪಿಸ್ಕಂಡ ಕರು ಇಡ್ಯಾಕ್ ಓದಂಗೈತಲ್ಲೇ! ನೀನ್ ಇತ್ಲಾಗ್ ಬಂದ್ರೆ ಅದು ಅತ್ಲಾಗ್ ಓಯ್ತದೆ, ನೀನ್ ಅತ್ಲಾಗ್ ಓದ್ರೆ ಇತ್ಲಾಗ್ ಬತ್ತದೆ!" ಅವಳು ಬೆಂಚು ಹಿಡಿದುಕೊಂಡಳು. "ಆ ಬಾವುಟ ಇಡ್ಕಂಡವ್ನ ಮೂತಿ ನೋಡೇ! ಅಲ್ಲೊಂದು ಕಿತ, ಇಲ್ಲೊಂದು ಕಿತ... ಕತ್ತು ಉಳುಕ್ಬುಟ್ಟಿರ್ಬೇಕು ಕಣೇ ಪಾಪ, ಅವನ್ಗೆ!"

ಜಯಂತ್ ಕಲ್ಲಾಗಿ ಕೂತಿದ್ದರು. ಗೌತಮಿ ಗಾಬರಿಯಿಂದ ನಿಸರ್ಗಳ ಮುಖ ನೋಡಿದರು. ಚಂಡೀಗಢದ ನಂತರದ ಎರಡು ವರ್ಷದಲ್ಲಿ ಅವಳೆದುರು ಯಾರೂ ಅದಕ್ಕೆ ನಕ್ಕಿರಲಿಲ್ಲ. ಅವಳೂ ಆ ವಿಡಿಯೋವನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಅತ್ತೆ ಫೋನನ್ನು ಅವಳ ಮೂಗಿನ ಮುಂದೆಯೇ ಹಿಡಿದಿದ್ದಳು.

ಅದರಲ್ಲೊಬ್ಬಳು ಟೋಪಿ ಹಾಕಿದವಳು, ಪೂಜೆಗೆ ಕೂತವಳ ಗಾಂಭೀರ್ಯದಿಂದ ಬಗ್ಗುತ್ತಿದ್ದಳು. ಚೆಂಡು ದಾಟಿ ಹೋಗುತ್ತಿತ್ತು. ಅವಳು ಪುಟುಪುಟು ಓಡಿ ಆಚೆ ಹೋಗಿ ಅದೇ ಗಾಂಭೀರ್ಯದಿಂದ ಮತ್ತೆ ಬಗ್ಗುತ್ತಿದ್ದಳು. ಕುಳಿಯ ಗುರುತಿನ ಬಾವುಟ ಕಿತ್ತು ಹಿಡಿದು ಪಕ್ಕದಲ್ಲಿ ನಿಂತವನ ತಲೆ ಚೆಂಡಿನ ಜೊತೆಗೇ ತಿರುಗುತ್ತಿತ್ತು. ಒಂದು ಸಲವಂತೂ ಚೆಂಡಿಗಿಂತ ಮುಂಚೆಯೇ, ಹೇಗೂ ಹೋಗುವುದು ಅತ್ತಲೇ ತಾನೇ ಅನ್ನುವಂತೆ ತಿರುಗಿತು.

ಅದನ್ನು ಕಂಡದ್ದೇ ನಿಸರ್ಗಳ ಗಂಟಲಿನಿಂದ ವಿಚಿತ್ರವಾದೊಂದು ಸದ್ದು ಹೊರಟಿತು. "ಅತ್ತೆ, ಅವನು... ಅವನು ಮುಂಚೇನೇ ತಿರುಗ್ದ!" ಎಂದಷ್ಟೇ ಹೇಳಲಾದದ್ದು. ಮುಂದೆ ಮಾತು ಬರಲಿಲ್ಲ. ಅವಳು ಹುಲ್ಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ಗೌತಮಿಗೂ ತಡೆಯಲಾಗಲಿಲ್ಲ. ಕೊನೆಗೆ, ನಗುವುದು ಸಭ್ಯತೆಯೋ ಅಲ್ಲವೋ ಎಂದು ಬಹಳ ಯೋಚಿಸಿದ ಮೇಲೆ, ಜಯಂತ್ ಕೂಡ ನಕ್ಕರು.

ಆಮೇಲಿನ ಆಟಕ್ಕೆ ತಲೆಬುಡ ಇರಲಿಲ್ಲ. ಮೂರನೆಯ ಕುಳಿಯಲ್ಲಿ ನಿಸರ್ಗಳ ಕೈ ಮತ್ತೆ ಚಿಮ್ಮಿತು. ಚೆಂಡು ದಾಟುತ್ತಿದ್ದಂತೆ ಅತ್ತೆ ಬಾವುಟದವನ ಹಾಗೆ ಕತ್ತು ತಿರುಗಿಸಿ ನಿಂತಳು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾಲ್ಕನೆಯ ಕುಳಿಯಲ್ಲಿ ಅತ್ತೆ ಹೊಡೆದ ಚೆಂಡು ಕೊಳದಲ್ಲಿದ್ದ ಬಾತುಕೋಳಿಗಳ ಮಧ್ಯೆ ಬಿತ್ತು. ಅತ್ತೆ ದಡಕ್ಕೆ ಹೋಗಿ, "ತಪ್ಪಾಯ್ತು ಕಣ್ರವ್ವಾ," ಎಂದು ಕೈಮುಗಿದು ಬಂದಳು. ಗೌತಮಿ ತಲೆ ಎತ್ತಿಯೇ ಹೊಡೆದರು, ಚೆಂಡು ನೆಟ್ಟಗೆ ಹೋಯಿತು. ಜಯಂತ್ ಉಪದೇಶ ನಿಲ್ಲಿಸಿದರು.

ಐದನೆಯ ಕುಳಿಯ ಬಳಿ ನಿಸರ್ಗಳಿಗೆ ಮತ್ತೆ ಹತ್ತಿರದ ಹೊಡೆತದ ಸರದಿ ಬಂತು. ಬಾತುಕೋಳಿಯ ನಗು ಇನ್ನೂ ಇಳಿದಿರಲಿಲ್ಲ. ನಗುತ್ತಲೇ ಬಗ್ಗಿದಳು, ನಗುತ್ತಲೇ ತಟ್ಟಿದಳು. ಚೆಂಡು ನೇರ ಹೋಗಿ ಕುಳಿಯಲ್ಲಿ ಕೂತಿತು. ಅವಳು ಕೋಲನ್ನೂ ಕೈಯನ್ನೂ ಒಂದೊಂದು ಸಲ ನೋಡಿದಳು.

"ನೋಡ್ತೀಯ ಏನು? ಬಿತ್ತು, ನಡಿ," ಅಂದಳು ಅತ್ತೆ.

ಕೊನೆಯ ಕುಳಿಯ ಹೊತ್ತಿಗೆ ಈ ನಗೆಯಾಟದ ಸುದ್ದಿ ಹರಡಿ ಜನ ಸೇರಿದ್ದರು. ಅತ್ತೆ ತಳ್ಳಿದ ಚೆಂಡು, ಬೇಕೆಂದೇ ಎಂಬಂತೆ, ಕುಳಿಯಿಂದ ಎರಡು ಮೊಳದಲ್ಲಿ ನಿಂತಿತು. ನಿಸರ್ಗ ಮತ್ತೆ ಪೂಜೆಗೆ ಕೂತವಳ ಗಾಂಭೀರ್ಯದಿಂದ ಬಗ್ಗಿದಳು.

ಅತ್ತೆ ಕಿವಿಯ ಹತ್ತಿರ ಬಂದಳು. "ನಿಮ್ಮಪ್ಪನ್ ನೋಡು."

ಮೋಹನ್‌ಕುಮಾರ್ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಲ್ಲಿ ಇಣುಕಿ ನೋಡುತ್ತಿದ್ದರು.

ನಿಸರ್ಗಳ ತುಟಿ ನಗುವಿಗೆ ಅದುರಿತು. ತಟ್ಟಿದಳು. ಚೆಂಡು ಕುಳಿಯ ಅಂಚಿನಲ್ಲಿ ಪೂರ್ತಿ ಒಂದು ಸುತ್ತು ಓಡಿ, ಇನ್ನು ಹೊರಗೆ ಹೋಯಿತು ಅನ್ನುವಾಗ ಒಳಗೆ ಬಿತ್ತು. ಅತ್ತೆ ಹಾಕಿದ ಕೂಗಿಗೆ ಬಾತುಕೋಳಿಗಳು ಕೊಳ ಬಿಟ್ಟು ಎದ್ದವು. ಕುಣಿಯುವಾಗ ತಮ್ಮನ ಶೂ ಒಂದು ಕಾಲಿನಿಂದ ಕಳಚಿ ಅಷ್ಟು ದೂರ ಹಾರಿತು. ಬಹುಮಾನ ಅರಕಲಗೂಡಿನ ಅಪ್ಪ ಮಗಳಿಗೆ ಹೋಯಿತು. ಇವರಿಬ್ಬರು ಎಷ್ಟನೆಯವರೋ ಆದರು, ವಿಚಾರಿಸಲು ಮರೆತೇಹೋಯಿತು.

ಕೈ ಅದರಿಂದಲೇ ಪೂರ್ತಿ ವಾಸಿಯಾಯಿತೆಂದಲ್ಲ. ಸಂಜೆ ಕೆಲಸದಿಂದ ಬಂದು ನಿಸರ್ಗ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತರೆ ಕೆಲವು ದಿನ ಚಿಮ್ಮುತ್ತಿತ್ತು, ಕೆಲವು ದಿನ ಇಲ್ಲ. ಚಿಮ್ಮಿದರೆ ಕೊಟ್ಟಿಗೆಯಿಂದ ಅತ್ತೆ ನಗುತ್ತಿದ್ದಳು, ಚಿಮ್ಮದಿದ್ದರೆ "ಇವತ್ತೇನೂ ತಮಾಸೆನೇ ಇಲ್ವಲ್ಲೇ" ಅನ್ನುತ್ತಿದ್ದಳು. ಬೇಸಿಗೆಯ ಹೊತ್ತಿಗೆ ನಿಸರ್ಗ ತಾನಾಗಿಯೇ ಗಂಗಾಧರಯ್ಯನವರಿಗೆ ಫೋನು ಮಾಡಿ, ಮೈಸೂರಿನ ರಾಜ್ಯ ಪಂದ್ಯಕ್ಕೆ ಹೆಸರು ಕೊಟ್ಟಳು.

ಮೊದಲ ದಿನವೇ ಕೈ ಕೈಕೊಟ್ಟಿತು. ಅವಳು ತಪ್ಪಿದ ಚೆಂಡನ್ನು ನೋಡಿ ಕಿಸಕ್ಕನೆ ನಕ್ಕದ್ದನ್ನು ಕಂಡು ಗಂಗಾಧರಯ್ಯ ದಂಗಾದರು. "ಏನಮ್ಮ ಇದು, ತಪ್ಪಿದ್ದಕ್ಕೆ ನಗ್ತೀಯಲ್ಲ?"

"ನಗು ಬಂತು ಸರ್, ಏನ್ಮಾಡ್ಲಿ?"

ಎರಡನೆಯ ದಿನ ಮೇಲೆ ಬಂದಳು, ಮೂರನೆಯ ದಿನ ಇನ್ನೂ ಮೇಲೆ. ಕೊನೆಯ ದಿನ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಒಂದೇ ಒಂದು ಹೊಡೆತದ ಅಂತರದಿಂದ ಅವಳನ್ನು ಹಿಂದೆ ಹಾಕಿ ಗೆದ್ದಳು. ನಿಸರ್ಗ ಆ ಹುಡುಗಿಯನ್ನು ಎತ್ತಿ ತಿರುಗಿಸಿದ ರಭಸಕ್ಕೆ ಪತ್ರಿಕೆಯ ಫೋಟೊಗ್ರಾಫರು ಗೆದ್ದವಳು ಇವಳೇ ಎಂದು ತಿಳಿದು ಇವಳದ್ದೇ ಫೋಟೊ ಮೊದಲು ತೆಗೆದರು.

ಶಾಂತಿಗ್ರಾಮಕ್ಕೆ ಫೋನು ಹೋಯಿತು. ಹಾಲು ಕರೆಯುವ ಹೊತ್ತು, ಅತ್ತೆ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳೇನೋ, ಮಾತಿನ ಹಿಂದೆ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು.

"ಎರಡ್ನೇದಾ? ಗೆದ್ದೋಳು ಯಾರ್ ಮಗ್ಳು?"

"ಬೆಂಗಳೂರಿನ ಹುಡುಗಿ ಅತ್ತೆ. ಚೆನ್ನಾಗ್ ಆಡಿದ್ಳು."

"ಆಡ್ಲಿ ಬುಡು. ಅವಳ್ಗೆ ಉಲ್ಲು ಕುಯ್ಯಕ್ ಬತ್ತದಾ ಕೇಳು."

ನಿಸರ್ಗ ನಕ್ಕು ಫೋನಿಟ್ಟಳು. ಬಹುಮಾನ ವಿತರಣೆಗೆ ಇನ್ನೂ ಸಮಯವಿತ್ತು. ಮೈದಾನದಲ್ಲಿ ಯಾರೂ ಇರಲಿಲ್ಲ, ಬಿಸಿಲು ಓರೆಯಾಗಿ ಹುಲ್ಲೆಲ್ಲ ಹೊಳೆಯುತ್ತಿತ್ತು. ಅವಳು ಕೋಲು ತೆಗೆದುಕೊಂಡು, ಜೇಬಿನಲ್ಲಿದ್ದ ಚೆಂಡುಗಳನ್ನೆಲ್ಲ ನೆಲಕ್ಕೆ ಸುರಿದು, ಆಡುವ ಆಸೆಗಷ್ಟೇ ಒಂದೊಂದಾಗಿ ಕುಳಿಯ ಕಡೆಗೆ ತಟ್ಟುತ್ತ ನಿಂತಳು.